ಗನ್ನು ಕೆಳಗಿಟ್ಟ ಮೂರು ಸೆಕೆಂಡು

ಧೂಳೋ ನಕ್ಷತ್ರವೋ ಗೊತ್ತಾಗುತ್ತಿಲ್ಲ, ಪರದೆಯ ಎಡ ಮೂಲೆಯಲ್ಲಿ ಸಣ್ಣಗೆ ಮಿನುಗುತ್ತಿರುವುದನ್ನು ಓಬಳೇಶ ಹೆಬ್ಬೆರಳಲ್ಲಿ ಒರೆಸುತ್ತಾನೆ, ಎರಡು ಹೋದವು, ಮೂರು ಉಳಿದವು, ಹೋದದ್ದು ಚಳ್ಳಕೆರೆಯ ಧೂಳು, ಉಳಿದದ್ದು ಆಟದ ಆಕಾಶ — ಹೊರಗೆ ಶೇಂಗಾ ಲೋಡಿನ ಲಾರಿ ಹಿಂದಕ್ಕೆ ಬರುತ್ತಾ ಪೀಂ ಪೀಂ ಅನ್ನುತ್ತಿದೆ, ಎಣ್ಣೆ ಮಿಲ್ಲಿನ ಹಿಂಡಿ ವಾಸನೆ ಅರ್ಧ ಎಳೆದ ಶಟರಿನ ಕೆಳಗಿಂದ ಒಳಗೆ ನುಗ್ಗುತ್ತಿದೆ, ಮೂರು ಗಂಟೆಯ ಬಿಸಿಲು ಅಂಗಡಿಯ ನೆಲದ ಮೇಲೆ ಒಂದು ಗೇಣು ಒಳಗೆ ಬಂದು ನಿಂತಿದೆ, ಪರದೆಯ ನಡುವೆ, ಅವನೇ ನಿಲ್ಲಿಸಿಟ್ಟ ಜಾಗದಲ್ಲಿ, ಸುರಂಗದ ತಿರುವಿನ ಕತ್ತಲೆಯಿಂದ ಎರಡು ಕೊಂಬಿನ ತುದಿ ಮಾತ್ರ ಹೊರಗೆ ಬಂದಿವೆ. ಹಣೆ ಇನ್ನೂ ಕಂಡಿಲ್ಲ. ಗುಂಡಿ ಒತ್ತಿದರೆ ಕಾಣುತ್ತದೆ, ಕಂಡ ಮೇಲೆ ಮೂರು ಸೆಕೆಂಡು, ಅಷ್ಟರೊಳಗೆ ಹೊಡೆಯಬೇಕು. ನಾಲ್ಕಕ್ಕೆ ವಿಡಿಯೋ ಜೋಡಿಸುವ ಪ್ರೇಮಲತಾ ಬರುತ್ತಾಳೆ, ಅವಳು ಬರುವುದರೊಳಗೆ ಹೊಡೆದು ರೆಕಾರ್ಡ್ ಮಾಡಿಟ್ಟಿರಬೇಕು, ಇವತ್ತು ಸಂಜೆ ಆಟದ ವಿಮರ್ಶೆ ಅವನ ವಿಡಿಯೋ ಚಾನೆಲ್ಲಿಗೆ ಹೋಗಲೇಬೇಕು, ಒಂದೇ ಗುಂಡು, ಒಂದು ಬೆರಳಿನ ಕೆಲಸ, ದಿನಕ್ಕೆ ಹತ್ತು ಮೊಬೈಲಿನ ಹೊಟ್ಟೆ ಬಗೆಯುವ ಬೆರಳಿಗೆ ಇದೇನು ಮಹಾ ಎಂದು ಬೆಳಿಗ್ಗೆಯಿಂದ ಏಳು ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ, ಏಳು ಸಲವೂ ಕೊಂಬಿನ ತುದಿ ಕಂಡ ಕೂಡಲೇ ಆಟ ನಿಲ್ಲಿಸಿದ್ದಾನೆ. ರಿಪೇರಿಗೆ ಬಂದ ಫೋನುಗಳು ಮೇಜಿನ ಮೇಲೆ ಹೊಟ್ಟೆ ತೆರೆದುಕೊಂಡು ಬಿದ್ದಿವೆ, ಅವುಗಳ ಮಾಲೀಕರು ಬಂದು ಬೈದು ಹೋಗಿದ್ದಾರೆ.

ವಿಮರ್ಶೆಯೇನೋ ಮುಕ್ಕಾಲು ಪಾಲು ಬರೆದಾಗಿದೆ, ನೂರು ಪುಟದ ನೋಟ್‌ಬುಕ್ಕಿನಲ್ಲಿ, ಆಟದ ಹೆಸರು ಇಂಗ್ಲಿಷಿನದು, ಓಬಳೇಶ ತನ್ನ ಚಾನೆಲ್ಲಿನಲ್ಲಿ ಅದನ್ನು 'ಕೊನೆಯ ಹಳಿ' ಅಂತಲೇ ಕರೆಯುತ್ತಾನೆ, ಕನ್ನಡದಲ್ಲಿ ಮಾತಾಡುವಾಗ ಆಟಕ್ಕೂ ಒಂದು ಕನ್ನಡದ ಹೆಸರು ಇರಲಿ, ಏನೀಗ — ರೈಲ್ ಶೂಟರ್ ಅಂದರೇನು ಅಂತ ಕೇಳುವವರಿಗೆ ಹೇಳಬೇಕು, ಹಳಿಯ ಮೇಲೆ ಓಡುವ ಗಾಡಿಯಲ್ಲಿ ನಿಮ್ಮನ್ನು ಕೂರಿಸಿ ಕೈಗೊಂದು ಬಂದೂಕು ಕೊಟ್ಟುಬಿಡುತ್ತಾರೆ, ಗಾಡಿ ನಿಮ್ಮ ಮಾತು ಕೇಳುವುದಿಲ್ಲ, ನಿಲ್ಲು ಅಂದರೆ ನಿಲ್ಲದು, ತಿರುಗು ಅಂದರೆ ತಿರುಗದು, ಎತ್ತ ನೋಡಬೇಕು, ಯಾವುದಕ್ಕೆ ಹೊಡೆಯಬೇಕು, ಇವೆರಡೇ ನಿಮ್ಮ ಪಾಲಿನವು. ಹಳೇ ಕಾಲದ ಆಟವಂತೆ, ಆಡುವವನಿಗೆ ಸ್ವಾತಂತ್ರ್ಯವೇ ಇಲ್ಲವಂತೆ, ದೊಡ್ಡ ದೊಡ್ಡ ಚಾನೆಲ್ಲಿನವರು ಮೂಗು ಮುರಿದಿದ್ದಾರೆ, ಅಲ್ಲಪ್ಪಾ, ಬಳ್ಳಾರಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವನಿಗೆ ಯಾವ ಸ್ವಾತಂತ್ರ್ಯ ಇತ್ತು, ಡ್ರೈವರು ಓಡಿಸಿದ ಕಡೆ ಹೋಗುತ್ತಾನೆ, ಹಾಗಂತ ಅವನು ಗುಡ್ಡ ನೋಡಲಿಲ್ಲವೇ, ಗುಡ್ಡದ ಮೇಲೆ ಸಾಲಾಗಿ ತಿರುಗುವ ಗಾಳಿ ಫ್ಯಾನು ನೋಡಲಿಲ್ಲವೇ, ಹಾನಗಲ್ ದಾಟಿದ ಮೇಲೆ ಬಂಡೆ ಮೇಲೆ ಬಂಡೆ ಕೂತಿರುವುದನ್ನು ಕಂಡು ಬಾಯಿ ತೆರೆಯಲಿಲ್ಲವೇ — ಇದನ್ನು ಬರೆದಾಗ ಅವನಿಗೆ ಅವನ ಮೇಲೇ ಸ್ವಲ್ಪ ಹೆಮ್ಮೆ ಬಂದಿತ್ತು. ಹೆಸರಿಲ್ಲದ ಒಂದು ಚಂದ್ರ, ಅದರ ಹೊಟ್ಟೆಯಲ್ಲಿ ಗಣಿ, ಗಣಿಗೆ ಇಳಿದ ಮುನ್ನೂರು ಜನ ಮಾತು ನಿಲ್ಲಿಸಿ ವರ್ಷವಾಗಿದೆ, ಏನಾಯಿತು ನೋಡಿಕೊಂಡು ಬಾ ಅಂತ ಕೊನೆಯ ಗಾಡಿಯಲ್ಲಿ ನಿಮ್ಮನ್ನು ಇಳಿಸುತ್ತಾರೆ, ಗೋಡೆಗಳು ಉಸಿರಾಡುತ್ತವೆ, ಸತ್ತವರ ತಲೆದೀಪಗಳು ತಾವಾಗಿಯೇ ಹೊತ್ತಿಕೊಂಡು ನಿಮ್ಮ ಕಡೆ ತಿರುಗುತ್ತವೆ, ಸಂಗೀತ ಅಂತ ಇಲ್ಲವೇ ಇಲ್ಲ, ಚಕ್ರದ ಟಕ್ ಟಕ್ ಒಂದೇ, ಅದೂ ನಿಂತಾಗ ಕಿವಿಯೊಳಗೆ ಧಡ್ ಧಡ್ ಅನ್ನುವುದು ಆಟದ್ದೋ ನನ್ನ ಎದೆಯದ್ದೋ ಅಂತ ಹೆಡ್‌ಫೋನು ತೆಗೆದು ನೋಡಿದ್ದೇನೆ, ಇದು ಮೆಚ್ಚಿಗೆ. ತಪ್ಪುಗಳೂ ಇವೆ, ಎರಡನೇ ಹಂತದಲ್ಲಿ ಅದೇ ಹುಳವನ್ನು ಮೂರು ಸಲ ಎದುರಿಗೆ ಬಿಡುತ್ತಾರೆ, ಮೂರನೇ ಸಲಕ್ಕೆ ಹುಳಕ್ಕೇ ಬೇಜಾರಾದಂತಿರುತ್ತದೆ, ಅಕ್ಷರಗಳು ಇರುವೆಯಷ್ಟು ಸಣ್ಣವು, ನಾಲ್ಕು ತಾಸಿಗೆ ಆಟ ಮುಗಿದುಹೋಗುತ್ತದೆ. ಇಷ್ಟು ಬರೆದು ಪೆನ್ನು ನಿಂತಿತ್ತು, ಯಾಕೆಂದರೆ ಮುಂದೆ ಬರೆಯಬೇಕಾದದ್ದು ಗುರುವಾರದ ಸಂಗತಿ.

ಗುರುವಾರ ಮಧ್ಯಾಹ್ನ, ಊಟದ ಹೊತ್ತು, ಶಟರು ಹೀಗೇ ಅರ್ಧ ಎಳೆದಿತ್ತು, ಹಳೇ ಸಾಮಾನಿನವನ ಹತ್ತಿರದಿಂದ ತಂದು ತಾನೇ ರಿಪೇರಿ ಮಾಡಿಕೊಂಡ ಗನ್ನು ಕೈಯಲ್ಲಿತ್ತು, ಪ್ಲಾಸ್ಟಿಕ್ಕಿನದೇ, ಪರದೆಗೆ ಹಿಡಿದರೆ ಹಿಡಿದ ಕಡೆ ಗುರಿಯ ಚುಕ್ಕೆ ಓಡುತ್ತದೆ, ಎಲ್ಲರೂ ಮೌಸಿನಲ್ಲಿ ಆಡುತ್ತಾರೆ, ಇವನಿಗೆ ಮಾತ್ರ ಗನ್ನೇ ಬೇಕು, ಶೋಕಿ. ಐದನೇ ಹಂತ, ಅತಿ ಆಳದ ಸುರಂಗ, ಗಾಡಿ ನಿಧಾನವಾಯಿತು, ಟಕ್, ಟಕ್, ನಿಂತಿತು, ತಿರುವಿನಿಂದ ಕೊಂಬಿನ ತುದಿ ಬಂತು, ಕೊಂಬು ಬಂತು, ಬರುತ್ತಲೇ ಇತ್ತು, ಎಷ್ಟು ದೊಡ್ಡ ಕೊಂಬದು, ಆಮೇಲೆ ಹಣೆ, ಕಪ್ಪು ಹಣೆಯ ನಡುವೆ ಅಂಗೈಯಗಲ ಬಿಳಿ ಬೊಟ್ಟು — ಅಷ್ಟೇ, ಅದನ್ನು ಕಂಡದ್ದಷ್ಟೇ ಗೊತ್ತು, ಕೈಯಲ್ಲಿದ್ದ ಗನ್ನು ಮೇಜಿನ ಮೇಲೆ ಹೋಗಿ ಕೂತಿತ್ತು. ಅವನು ಇಡಲಿಲ್ಲ, ಕೈ ಇಟ್ಟಿತು. ರಾಂಪುರದಾಚೆಯ ಹಟ್ಟಿಯಲ್ಲಿ ಹುಟ್ಟಿದವನ ಕೈ, ಕಿಲಾರಿ ಗಾದ್ರಪ್ಪನ ಮಗನ ಕೈ, ದೇವರ ಎತ್ತುಗಳನ್ನು ಕಾಯುವ ಮನೆಯದು, ನೊಗ ಕಾಣದ, ನೇಗಿಲು ಕಾಣದ ಎತ್ತುಗಳು ಸಾಯಂಕಾಲ ಮೇವು ಮುಗಿಸಿ ಮುಳ್ಳುಬೇಲಿಯ ರೊಪ್ಪಕ್ಕೆ ಬರುವಾಗ ಓಣಿಯಲ್ಲಿದ್ದವರು ಕೈಯಲ್ಲಿ ಏನಿದ್ದರೂ ಕೆಳಗಿಟ್ಟು ಪಕ್ಕಕ್ಕೆ ನಿಲ್ಲಬೇಕು, ಕುಡುಗೋಲಿದ್ದರೆ ಕುಡುಗೋಲು, ಕೊಡವಿದ್ದರೆ ಕೊಡ, ಓಬಳೇಶನ ಕೈಯಲ್ಲಿ ಬ್ಯಾಟಿದ್ದರೆ ಬ್ಯಾಟು, ಅದು ಆ ಹಟ್ಟಿಯ ಪದ್ಧತಿ, ಎರಡು ವರ್ಷದ ಮಗು ಕೂಡ ಮಾಡುತ್ತಿತ್ತು, ಹೇಳಿಕೊಡಬೇಕಾಗಿರಲಿಲ್ಲ. ಎಲ್ಲಕ್ಕಿಂತ ಮುಂದೆ ಬೊಟ್ಟಯ್ಯ ಬರುತ್ತಿತ್ತು, ಕಪ್ಪು ಎತ್ತು, ಹಣೆ ನಡುವೆ ಬಿಳಿ ಬೊಟ್ಟು, ದೇವರೇ ಇಟ್ಟದ್ದು ಅಂತ ಹಟ್ಟಿಯವರು ಅದಕ್ಕೆ ಕುಂಕುಮ ಹಚ್ಚುತ್ತಿದ್ದರು, ರೊಪ್ಪದ ಬಾಯಲ್ಲಿ ಅಪ್ಪ ನಿಂತಿರುತ್ತಿದ್ದ, ಮನೆಯ ತೆಲುಗಿನಲ್ಲಿ ರಾ ನಾಯನಾ, ರಾ ಅನ್ನುತ್ತಿದ್ದ, ಬಾರಪ್ಪಾ ಬಾ ಅಂತ, ಬೊಟ್ಟಯ್ಯ ಅವನೆದುರು ನಿಂತು ತಲೆ ಬಗ್ಗಿಸುತ್ತಿತ್ತು, ಅಪ್ಪ ಹಣೆಯ ಮೇಲೆ ಅಂಗೈ ಇಡುತ್ತಿದ್ದ, ಆಮೇಲೇ ಒಳಗೆ. ಓಬಳೇಶ ಹದಿನಾರನೇ ವಯಸ್ಸಿನವರೆಗೂ ಇದನ್ನು ದಿನಾ ನೋಡಿದವನು. ಗನ್ನು ಮೇಜಿನ ಮೇಲಿತ್ತು, ಪರದೆಯಲ್ಲಿ ಗುರಿಯ ಚುಕ್ಕೆ ಇರಲಿಲ್ಲ, ಒಂದು, ಎರಡು, ಮೂರು, ಸತ್ತೆ ಅಂದುಕೊಂಡ, ಅದು ಸಾಯಿಸಲಿಲ್ಲ, ತಲೆ ಬಗ್ಗಿಸಿತು, ಇಡೀ ಪರದೆ ತುಂಬ ಬಿಳಿ ಬೊಟ್ಟು, ಗಾಡಿಯನ್ನು ಸವರಿಕೊಂಡು ಪಕ್ಕದಲ್ಲೇ ನಡೆದುಹೋಯಿತು, ಅದರ ಉಸಿರು ಎಡಗಿವಿಯಿಂದ ಬಲಗಿವಿಗೆ ದಾಟಿತು, ಆಮೇಲೆ ಯಾವಾಗಲೂ ಎಡಕ್ಕೆ ಓಡುವ ಗಾಡಿ ಬಲಕ್ಕೆ ತಿರುಗಿತು. ಬಲಕ್ಕೆ ಹಳಿ ಇದೆ ಅಂತ ಯಾರೂ ಹೇಳಿರಲಿಲ್ಲ. ಸುರಂಗ ಮುಗಿದು ಬಯಲು, ಮೇಲೆ ಗೊತ್ತಿಲ್ಲದ ನಕ್ಷತ್ರಗಳು, ಆ ಬಯಲಿನ ತುಂಬ ಅಂಥವೇ ಮಲಗಿದ್ದವು, ನೂರೋ ಇನ್ನೂರೋ, ಮುಂಗಾಲು ಮಡಚಿಕೊಂಡು, ದವಡೆ ಆಡಿಸುತ್ತಾ, ರೊಪ್ಪದೊಳಗೆ ಎತ್ತುಗಳು ಮೆಲುಕು ಹಾಕುವ ಹಾಗೇ, ಮೂರು ನಿಮಿಷ ಗಾಡಿ ಅವುಗಳ ನಡುವೆ ಸದ್ದಿಲ್ಲದೆ ಹೋಯಿತು, ಹೊಡೆಯಲಿಕ್ಕೆ ಏನೂ ಇಲ್ಲ, ಹೊಡೆಯುವ ಆಟದಲ್ಲಿ ಹೊಡೆಯಲಿಕ್ಕೆ ಏನೇನೂ ಇಲ್ಲ. ಓಬಳೇಶನಿಗೆ ಅಳು ಬಂದಿತ್ತು, ಯಾಕೆ ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ, ಇಷ್ಟು ದೊಡ್ಡದೊಂದು ತನ್ನ ಮೂರಡಿ ಅಂಗಡಿಯೊಳಗೆ ಬಂತಲ್ಲ ಅಂತ ಮೈಯೆಲ್ಲ ಜುಮ್ಮೆಂದು ಅರ್ಧ ತಾಸು ಹಾಗೇ ಕೂತಿದ್ದ. ಗಿರಾಕಿಯೊಬ್ಬ ಶಟರು ಬಡಿದಾಗ ಎದ್ದಿದ್ದ.

ಆಮೇಲೆ ಹುಡುಕಿದ, ಎರಡು ದಿನ ಬೇರೆಯವರ ವಿಡಿಯೋ ಅಷ್ಟನ್ನೂ ಜಾಲಾಡಿದ, ಬಯಲು ಕಂಡವರು ಒಬ್ಬರೂ ಇಲ್ಲ, ಎಲ್ಲರೂ ಬಿಳಿ ಬೊಟ್ಟಿಗೇ ಹೊಡೆದಿದ್ದಾರೆ, ಅದೇ ಅದರ ಆಯದ ಜಾಗ ಅಂತ ಸಣ್ಣ ಮಕ್ಕಳಿಗೂ ತಿಳಿಯುತ್ತದೆ, ಹೊಡೆಯದೆ ಸುಮ್ಮನಿದ್ದವರೂ ಇದ್ದಾರೆ, ಅವರನ್ನು ಅದು ಗಾಡಿ ಸಮೇತ ಅಪ್ಪಚ್ಚಿ ಮಾಡಿದೆ, ಯಾಕೆ, ಮೌಸಿನ ಚುಕ್ಕೆ ಪರದೆ ಬಿಟ್ಟು ಆಚೆ ಹೋಗುವುದಿಲ್ಲ, ಹೊಡೆಯದಿದ್ದರೂ ಗುರಿ ಅದರ ಮೇಲೇ ಇರುತ್ತದೆ, ಗುರಿ ಇಟ್ಟರೂ ಅದಕ್ಕೆ ಗೊತ್ತಾಗುತ್ತದೆ. ಪೂರ್ತಿ ಕೆಳಗಿಡಬೇಕು. ಯಾವ ದೇಶದವನು ಕೂತು ಬರೆದನೋ ಈ ಆಟವನ್ನು, ಪೂರ್ತಿ ಕೆಳಗಿಡುವವನು ಸಾವಿರಕ್ಕೊಬ್ಬನಾದರೂ ಬಂದಾನು ಅಂತ ಕಾದುಕೊಂಡು, ಯಾರಿಗೂ ಹೇಳದೆ, ಬಲಕ್ಕೊಂದು ಹಳಿ ಹಾಕಿಟ್ಟಿದ್ದಾನಲ್ಲ, ಅವನ ಹೊಟ್ಟೆ ತಣ್ಣಗಿರಲಿ. ಇನ್ನೊಂದು ಸಂಗತಿ — ಆಟ ಮರೆಯುವುದಿಲ್ಲ, ಒಂದು ಸಲ ಹೊಡೆದವರಿಗೆ ಮುಂದೆ ಎಷ್ಟು ಸಲ ಆಡಿದರೂ, ಅಳಿಸಿ ಮತ್ತೆ ಹಾಕಿಕೊಂಡರೂ, ಅದು ಹಣೆಯಲ್ಲಿ ಕರೀ ತೂತು ಹೊತ್ತುಕೊಂಡೇ ಬರುತ್ತದೆ, ಎರಡನೇ ಸಲದಿಂದ ಅದರ ಆಕಾರವೇ ಹಾಗಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಬಿಳಿ ಬೊಟ್ಟಿನ ಹಣೆ ಉಳಿದಿರುವುದು, ಓಬಳೇಶನಿಗೆ ಗೊತ್ತಿರುವ ಮಟ್ಟಿಗೆ, ಈ ಅಂಗಡಿಯಲ್ಲಿ ಮಾತ್ರ. ಪ್ರೇಮಲತಾಗೆ ಎಲ್ಲ ಹೇಳಿದ, ಹೈಸ್ಕೂಲಿನಿಂದ ಜೊತೆ ಓದಿದವಳು, ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುತ್ತಾಳೆ, ಇವನು ಆಡಿ ಬರೆದದ್ದನ್ನು ಕತ್ತರಿಸಿ ಜೋಡಿಸಿ ವಿಡಿಯೋ ಮಾಡುವವಳು ಅವಳೇ, ಬಯಲಿನ ರೆಕಾರ್ಡು ನೋಡಿ ಕಣ್ಣರಳಿಸಿದಳು, ಆಮೇಲೆ ಕೆಲಸದ ಮಾತಿಗೆ ಇಳಿದಳು. ಬಗ್ಗಿದ್ದು ಒಂದು ಕಡೆ, ಹೊಡೆದದ್ದು ಒಂದು ಕಡೆ, ಎರಡನ್ನೂ ಅಕ್ಕಪಕ್ಕ ತೋರಿಸ್ಬೇಕು ಕಣೋ, ಇಲ್ಲಾಂದ್ರೆ ನಂಬಲ್ಲ, ಏನೋ ಕಿತಾಪತಿ ಮಾಡಿದಾರೆ ಅಂತಾರೆ. ಬೇರೆಯವರ ವಿಡಿಯೋದಿಂದ ತುಂಡು ತೆಗೆಯುವ ಹಾಗಿಲ್ಲ, ಹಿಂದೊಮ್ಮೆ ತೆಗೆದು ಚಾನೆಲ್ಲು ಹದಿನೈದು ದಿನ ಮುಚ್ಚಿತ್ತು. ಹೊಸ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆದು ಹೊಡಿ ಅಂದಳು, ತೆರೆಯಬಹುದು, ಹೊಡೆಯುವ ಕೈ ಇದೇ ತಾನೇ. ಪ್ರತಿ ವಿಡಿಯೋ ಶುರುವಿನಲ್ಲಿ ಎದೆಯುಬ್ಬಿಸಿ ಹೇಳುವವನು ನೀನೇ, ನಾನು ಆಡದ್ದನ್ನು ಹೇಳಲ್ಲ, ಎಲ್ಲ ದಾರಿ ನೋಡದೆ ಬಾಯಿ ಬಿಡಲ್ಲ ಅಂತ, ಈಗ ಒಂದು ದಾರಿ ಬಿಟ್ಟು ಹೇಳಿದರೆ ನಿನ್ನ ಮಾತಿಗೆ ಏನು ಕಿಮ್ಮತ್ತು ಅಂದಳು. ಅದೇ ಅವನ ಕುತ್ತಿಗೆಗೆ ಬಿದ್ದಿರುವುದು. ಎಲ್ಲ ದಾರಿ ನೋಡುತ್ತೇನೆ ಅಂದವನು ಈ ದಾರಿ ನೋಡಲೇಬೇಕು, ಯಾವ ಖಾತೆಯಲ್ಲಿ ನೋಡಿದರೂ ಆ ಬೊಟ್ಟು ಅವನ ಪಾಲಿಗೆ ಇನ್ನೆಂದಿಗೂ ಇಲ್ಲ.

ಓಬಳೇಶಾ ಅಂತ ಕೂಗು ಕೇಳಿತು, ಶಟರಿನ ಕೆಳಗಿಂದ ಎರಡು ಕಾಲು ಕಂಡವು, ಒಡೆದ ಹಿಮ್ಮಡಿ, ಹವಾಯಿ ಚಪ್ಪಲಿ, ಊರಿಗೆ ಬಂದಾಗ ಮಾತ್ರ ಹಾಕುವ ಚಪ್ಪಲಿ, ಅಪ್ಪ ಬಗ್ಗಿ ಒಳಗೆ ಬಂದ, ಕೈಯಲ್ಲಿ ದನದ ಡಾಕ್ಟರು ಬರೆದುಕೊಟ್ಟ ಔಷಧಿಯ ಬಾಟಲಿ, ಈಗ ಮಂದೆಯ ಮುಂದೆ ನಡೆಯುವ ಎತ್ತಿಗೆ ಗೊರಸು ಸಂದಿ ಹುಣ್ಣಾಗಿ ಒಂದು ವಾರವಾಯಿತು ಅಂತ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದ. ಔಷಧಿ ಸಿಕ್ತು, ಮೂರೂ ಮುಕ್ಕಾಲಿನ ಬಸ್ಸಿಗೆ ಹೋಗ್ತೀನಿ, ಕುಡಿಯಾಕ್ ನೀರು ಕೊಡಲೇ ಅಂದ. ಕುಡಿದ, ಗಂಟಲು ಮೇಲೆ ಕೆಳಗೆ ಆಡಿತು, ಮೀಸೆ ಒರೆಸಿಕೊಂಡ, ಮೇಜಿನ ಮೇಲೆ ಹೊಟ್ಟೆ ತೆರೆದು ಬಿದ್ದ ಫೋನುಗಳನ್ನು ನೋಡಿ ಇವ್ಕೂ ಗೊರಸಿನ ಹುಣ್ಣಾ ಅಂದ, ಅಪ್ಪನ ಹಾಸ್ಯ ಯಾವಾಗಲೂ ಇಷ್ಟೇ, ನಗದೆ ಹೇಳುತ್ತಾನೆ, ಕೇಳಿದವನು ನಕ್ಕರೂ ಅವನು ನಗುವುದಿಲ್ಲ. ಆಮೇಲೆ ಪರದೆ ನೋಡಿದ. ಅದೇನಲೇ, ಕೊಂಬು ಐತೆ. ಆಟ ಅಪ್ಪಾ, ಕೂತ್ಕಾ, ತೋರಿಸ್ತೀನಿ — ಯಾಕೆ ಹಾಗಂದನೋ, ಅಪ್ಪನಿಗೆ ಇವನ ಆಟಗಳೆಂದರೆ ಎಮ್ಮೆ ಮೇಲೆ ಮಳೆ ಸುರಿದ ಹಾಗೆ, ಕಿಲಾರಿ ಕೋಲು ಹಿಡಿಯಲ್ಲ ಅಂತ ಅಂಗಡಿ ಇಟ್ಟ ಮಗನನ್ನು ಅಪ್ಪ ಬೈಯಲೂ ಇಲ್ಲ, ಹೊಗಳಲೂ ಇಲ್ಲ, ಚಿಕ್ಕಪ್ಪನ ಮಗ ಎರ್ರಿಸ್ವಾಮಿ ಈಗ ಅಪ್ಪನ ಹಿಂದೆ ಓಡಾಡಿ ಕಲಿಯುತ್ತಿದ್ದಾನೆ, ಅದು ಹಾಗೇ ಸರಿಹೋಗಿದೆ. ಗುಂಡಿ ಒತ್ತಿದ, ಗನ್ನು ಮೇಜಿನ ಮೇಲೇ ಇತ್ತು, ಕೊಂಬು ಬಂತು, ಹಣೆ ಬಂತು, ಬೊಟ್ಟು, ಒಂದು, ಎರಡು, ಮೂರು, ಬಗ್ಗಿತು, ಉಸಿರು ದಾಟಿತು, ಬಯಲು, ಮಲಗಿದ ಮಂದೆ. ತಿರುಗಿ ನೋಡಿದರೆ ಅಪ್ಪ ಬೆಂಚಿನ ಮೇಲಿಲ್ಲ, ಗೋಡೆಗೆ ಒತ್ತಿಕೊಂಡು ಪಕ್ಕಕ್ಕೆ ನಿಂತಿದ್ದಾನೆ, ಚಪ್ಪಲಿ ಕಾಲಿನಿಂದ ಕಳಚಿವೆ, ಔಷಧಿಯ ಬಾಟಲಿ ನೆಲದ ಮೇಲೆ ಕೂತಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ, ಇಬ್ಬರೂ ಬಾಟಲಿಯನ್ನು ನೋಡಿದರು. ಹೆಸ್ರೇನಲೇ ಇದ್ರದ್ದು ಅಂತ ಅಪ್ಪ ಕೇಳಿದ, ಹೆಸರಿಲ್ಲ, ಆಡೋರು ಬಾಸ್ ಅಂತಾರೆ ಅಂದ ಓಬಳೇಶ, ಬಾಸಾ, ಅಂದ ಅಪ್ಪ, ಆಗ ಮಾತ್ರ ಸ್ವಲ್ಪ ನಕ್ಕ.

ಹೇಳಿಬಿಟ್ಟ, ಎಲ್ಲವನ್ನೂ, ನಾಲ್ಕಕ್ಕೆ ಪ್ರೇಮಲತಾ ಬರುವುದು, ಹೊಡೆದು ತೋರಿಸಬೇಕಾದದ್ದು, ಹೊಡೆದರೆ ತೂತು ಉಳಿಯುವುದು, ಹೇಳುತ್ತಾ ಹೇಳುತ್ತಾ ತನಗೇ ನಾಚಿಕೆಯಾಗಿ ಕೊನೆಗೆ, ಅದೇನ್ ನಿಜವಾದ ಎತ್ತಾ ಅಪ್ಪಾ, ಕಂಪ್ಯೂಟರ್‌ನಲ್ಲಿ ಬರ್ದಿರೋ ಚಿತ್ರ ಅಷ್ಟೇ ಅಂದ. ಅಪ್ಪ ಬೆಂಚಿನ ಮೇಲೆ ಕೂತು ಚಪ್ಪಲಿಯನ್ನು ಕಾಲಿಂದ ಹತ್ತಿರಕ್ಕೆ ಎಳೆದುಕೊಂಡ. ಚಿತ್ರ ಅಂದ್ಮೇಲೆ ಹೊಡಿ, ನಿಂಗೇನು ಕಷ್ಟ, ಆ ಹುಡ್ಗಿ ಯಾಕ್ ಕಾಯ್ಬೇಕು. ಕೆಣಕುತ್ತಿದ್ದಾನೋ ನಿಜಕ್ಕೂ ಹೇಳುತ್ತಿದ್ದಾನೋ, ಅಪ್ಪನ ಮುಖದಲ್ಲಿ ಅದು ಯಾವತ್ತು ಗೊತ್ತಾಗಿದೆ, ಓಬಳೇಶ ಹಿಂದಿನ ಜಾಗಕ್ಕೆ ಆಟವನ್ನು ತಂದು ನಿಲ್ಲಿಸಿದ, ಗನ್ನು ಎತ್ತಿದ, ಗುಂಡಿ ಒತ್ತಿದ, ಕೊಂಬಿನ ತುದಿ, ಕೊಂಬು, ಹಣೆ — ಬೆರಳು ಗನ್ನಿನ ಕುದುರೆಯ ಮೇಲಿತ್ತು, ಅಷ್ಟು ಸಣ್ಣ ಪ್ಲಾಸ್ಟಿಕ್ಕಿನ ಕುದುರೆ, ಬೆರಳು ಮಡಚಲಿಲ್ಲ, ಆಟ ನಿಲ್ಲಿಸಿದ. ಆಗಲ್ಲ ಅಪ್ಪಾ. ಹೊರಗೆ ಲಾರಿ ಹೊರಟುಹೋಗಿತ್ತು, ಹಮಾಲರು ಯಾರೋ ಉರ್ದುವಿನಲ್ಲಿ ನಗುತ್ತಿದ್ದರು, ಮಿಲ್ಲಿನ ಸದ್ದು ಒಂದೇ ಸಮನೆ ಇತ್ತು. ಅಪ್ಪ ನೆಲದ ಮೇಲಿನ ಬಾಟಲಿ ಎತ್ತಿಕೊಂಡ, ಅದರ ಮುಚ್ಚಳ ತಿರುಗಿಸಿ ತಿರುಗಿಸಿ ಬಿಗಿ ಮಾಡಿದ, ಬಿಗಿಯಾಗಿದ್ದದ್ದನ್ನೇ ಮತ್ತೆ ಬಿಗಿ ಮಾಡಿದ, ಮುಚ್ಚಳಕ್ಕೇ ಹೇಳುವವನ ಹಾಗೆ ಹೇಳಿದ. ನಾನ್ ಹೊಡ್ದೀನಿ ಕಣಲೇ.

ಕಿಲಾರಿ ಕೋಲು ಹಿಡಿದ ಎರಡನೇ ವರ್ಷವಂತೆ, ಓಬಳೇಶ ಇನ್ನೂ ಹುಟ್ಟಿರಲಿಲ್ಲ, ಮದುವೆಯಾದ ಹೊಸತು, ಮಂದೆಯಲ್ಲೊಂದು ಕರೀ ಹೋರಿ, ಮಹಾ ಪುಂಡ, ಹೊತ್ತು ಮುಳುಗುವ ವೇಳೆಗೆ ದೊಡ್ಡೀರಪ್ಪ ಅನ್ನುವವರ ಶೇಂಗಾ ಹೊಲಕ್ಕೆ ನುಗ್ಗಿತು, ನಾಲ್ಕು ಜನರ ಮುಂದೆ ದೊಡ್ಡೀರಪ್ಪ ಆಡಿದ ಮಾತು ಕೇಳಲಾಗದೆ, ದೇವರ ಎತ್ತಿಗೆ ಏನೂ ಅನ್ನಲಾರದ್ದಕ್ಕೆ ಕಾಯುವವನನ್ನು ಹಿಡಿದು ಜಾಡಿಸಿದ್ದಕ್ಕೆ, ಹಟ್ಟಿಯ ದಾರಿಯಲ್ಲಿ ಯಾರೂ ಇಲ್ಲದ ಕಡೆ ಗಾದ್ರಪ್ಪ ಕಲ್ಲು ಎತ್ತಿಕೊಂಡ. ತಿಕದ ಮೇಲೆ ಬೀಳ್ಲಿ ಅಂತ ಎಸ್ದೆ, ಅದು ತಿರುಗ್ತು. ಹಣೆ ಒಡೆಯಿತು, ರಕ್ತ ಮೂಗಿನ ತನಕ ಇಳಿಯಿತು. ಓಡಿ ಹೋಗ್ಲಿಲ್ಲ ಕಣಲೇ, ಹಾಯಾಕೂ ಬರ್ಲಿಲ್ಲ, ನಿಂತು ನನ್ ಮಖ ನೋಡ್ತು. ಅರಿಸಿನ ಮೆತ್ತಿ, ಜಾಲಿ ಕೊಂಬೆ ತಗುಲಿತು ಅಂತ ಹಟ್ಟಿಯಲ್ಲಿ ಹೇಳಿದ, ನಂಬಿದರು, ಗಾಯ ಮಾಯಿತು, ಮಾಯ್ದ ಜಾಗದಲ್ಲಿ ಕೂದಲು ಬೆಳ್ಳಗೆ ಬಂತು. ಒಂದು ದಿನ ಹಿರಿಯರು ನೋಡಿ ಕೈ ಮುಗಿದರು, ದೇವರು ಬೊಟ್ಟು ಇಟ್ಟಿದ್ದಾನೆ ಅಂದರು, ಬೊಟ್ಟಯ್ಯ ಅಂತ ಹೆಸರಿಟ್ಟು ಮಂದೆಯ ಮುಂದಕ್ಕೆ ತಂದು ನಿಲ್ಲಿಸಿದರು, ಹೆಂಗಸರು ಕುಂಕುಮ ತಂದರು, ಅಪ್ಪ ಬಾಯಿ ತೆರೆಯಲಿಲ್ಲ, ಬಾಯಿ ಬಿಟ್ಟರೆ ಬಣ್ಣಗೇಡು, ಆಮೇಲೆ ತೆರೆಯುವ ಹಾಗೂ ಇರಲಿಲ್ಲ. ಹದ್ನೆಂಟು ವರ್ಸ, ಅಂದ ಅಪ್ಪ, ದಿನಾ ಸಾಯಂಕಾಲ ಆ ಗಾಯಾನ ಮುಂದೆ ಮಾಡ್ಕಂಡೇ ನನ್ನತ್ರ ಬಂತು, ಬಂದು ಬಗ್ತು, ನಾನ್ ಕೈ ಇಟ್ಟೆ. ಎಲ್ರೂ ಪೂಜೆ ಅಂದ್ಕಂಡ್ರು. ನಾನು ತಪ್ಪಾಯ್ತು ಅಂತ ಇಡ್ತಿದ್ದೆ. ಎದ್ದ, ಚಪ್ಪಲಿ ಮೆಟ್ಟಿದ, ಬಾಟಲಿಯನ್ನು ಬನೀನಿನ ಜೇಬಿಗೆ ಇಳಿಸಿದ, ನಿಮ್ಮವ್ವಂಗೂ ಹೇಳಿಲ್ಲ ಅಂದ, ಶಟರಿನ ಕೆಳಗೆ ಬಗ್ಗುವಾಗ ತಿರುಗಿ ಪರದೆಯ ಕಡೆ ನೋಡಿ, ಹೊಡಿಯೋದು ಭಾಳ ಹೊತ್ತು ಹಿಡಿಯಲ್ಲ, ಅಂದ, ಹೋದ. ಬಸ್ ಸ್ಟ್ಯಾಂಡಿನ ಕಡೆ ನಡೆದುಹೋಗುತ್ತಿರುವ ಚಪ್ಪಲಿಯ ಸದ್ದು ಆಟೋಗಳ ಸದ್ದಿನಲ್ಲಿ ಕರಗಿತು.

ಓಬಳೇಶ ಕೂತೇ ಇದ್ದಾನೆ, ಮೂರೂ ಮುಕ್ಕಾಲಾಯಿತು, ಅಪ್ಪನ ಬಸ್ಸು ಹೊರಟಿರಬೇಕು, ಅಪ್ಪ ಕಿಟಕಿ ಪಕ್ಕ ಕೂತಿರಬೇಕು, ಹಳಿಯಿಲ್ಲದ ಹಳಿಯ ಮೇಲೆ, ಗುಡ್ಡ ನೋಡುತ್ತಾ — ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗುವ ದಿನ ಅವ್ವ ಸೂರಮ್ಮ ಕರೆದುಕೊಂಡು ಹೋಗಿ ಆ ಬಿಳಿ ಬೊಟ್ಟಿಗೆ ಇವನ ಹಣೆ ಮುಟ್ಟಿಸಿದ್ದಳು, ಬೆಚ್ಚಗಿತ್ತು, ಅಲ್ಲಿ ಕೂದಲು ಸ್ವಲ್ಪ ಒರಟಿತ್ತು, ಕುಂಕುಮ ಮೂಗಿಗೆ ಉದುರಿತ್ತು, ಅಪ್ಪ ಆಗ ಪಕ್ಕದಲ್ಲೇ ನಿಂತಿದ್ದ, ಬೇರೆ ಕಡೆ ನೋಡುತ್ತಾ, ಯಾಕೆ ಬೇರೆ ಕಡೆ ನೋಡುತ್ತಿದ್ದ ಅಂತ ಹನ್ನೆರಡು ವರ್ಷ ಆದಮೇಲೆ ಈಗ ಗೊತ್ತಾಯಿತು, ಬೊಟ್ಟಯ್ಯ ಸತ್ತಾಗ ಹಟ್ಟಿಗೆ ಹಟ್ಟಿಯೇ ಬಂದು ಗುಂಡಿಗೆ ಇಳಿಸಿತ್ತು, ಹೊಸ ಬಟ್ಟೆ ಹೊದೆಸಿದ್ದರು, ಎಲ್ಲರೂ ಮಣ್ಣು ಹಾಕಿದ ಮೇಲೂ ಅಪ್ಪ ಅಂಗೈ ಮುಂದೆ ಹಿಡಿದುಕೊಂಡೇ ನಿಂತಿದ್ದ, ಇಡಲು ಜಾಗ ಸಿಗದವನ ಹಾಗೆ. ಆಟವನ್ನು ಮತ್ತೆ ಹಿಂದಕ್ಕೆ ತಂದು ಗುಂಡಿ ಒತ್ತುತ್ತಾನೆ, ಹಣೆ ಬಂದ ಕೂಡಲೇ ನಿಲ್ಲಿಸುತ್ತಾನೆ, ಕಣ್ಣನ್ನು ಪರದೆಯ ಹತ್ತಿರಕ್ಕೆ ಒಯ್ಯುತ್ತಾನೆ, ಇಷ್ಟು ದಿನ ನೋಡಿದ್ದೇ ಇಲ್ಲವಲ್ಲ, ಬೊಟ್ಟಿನ ಅಂಚು ನುಣುಪಾಗಿಲ್ಲ, ಒಂದು ಕಡೆ ಸೀಳಿದಂತಿದೆ, ಅಲ್ಲಿ ಕೂದಲು ಅಡ್ಡಡ್ಡ ಬೆಳೆದಿದೆ, ಬೇಕಂತಲೇ ಬರೆದದ್ದು, ಒಂದೊಂದೇ ಎಳೆ ಎಳೆದು ಬರೆದದ್ದು, ಅಯ್ಯೋ ಇದೂ ಗಾಯವೇ, ಮಾಯ್ದದ್ದು, ತಾನು ಬರುವುದಕ್ಕೆ ಎಷ್ಟೋ ಮೊದಲು ಯಾರೋ ಇದಕ್ಕೂ — ಬರೆದವನು ಯಾರೋ, ಎಲ್ಲಿಯವನೋ, ಅವನೂ ಎಂದೋ ಯಾವುದೋ ಹಣೆಗೆ ಕಲ್ಲು ಎಸೆದವನೇ ಇರಬೇಕು, ಹೇಳಲು ಬಾಯಿಲ್ಲದೆ ಸುರಂಗ ತೋಡಿ, ಹಳಿ ಹಾಕಿ, ಇಷ್ಟು ಆಳದಲ್ಲಿ ತಂದು ನಿಲ್ಲಿಸಿದ್ದಾನೆ. ಓಬಳೇಶ ಪರದೆಯಿಂದ ಹಿಂದಕ್ಕೆ ಸರಿಯುತ್ತಾನೆ. ನೋಟ್‌ಬುಕ್ಕು ಎಳೆದುಕೊಂಡು ಬರೆಯುತ್ತಾನೆ, ಈ ಆಟದಲ್ಲಿ ಒಂದು ದಾರಿಯನ್ನು ನಾನು ಆಡಿಲ್ಲ, ಆಡುವುದೂ ಇಲ್ಲ, ಆದ್ದರಿಂದ ಈ ವಿಮರ್ಶೆ ಅರ್ಧ, ನಂಬುವವರು ನಂಬಿ, ನಂಬದವರು ಗನ್ನು ಕೆಳಗಿಟ್ಟು ನೋಡಿ. ಅಕ್ಷರ ಸೊಟ್ಟಗೆ ಬಂದವು, ಹಾಗೇ ಬಿಟ್ಟ.

ಶಟರು ಕರಕರ ಮೇಲೆ ಹೋಗುತ್ತದೆ, ಬಿಸಿಲು ಧುತ್ತೆಂದು ಒಳಗೆ ಬರುತ್ತದೆ, ಪ್ರೇಮಲತಾ, ಹೆಗಲಿಗೆ ಲ್ಯಾಪ್‌ಟಾಪಿನ ಬ್ಯಾಗು, ಆಯ್ತಾ ಅಂತ ಕೇಳುತ್ತಾಳೆ, ಇಲ್ಲ ಅಂದರೆ ಬೈಯುವುದಿಲ್ಲ, ಸ್ಟೂಲು ಎಳೆದುಕೊಂಡು ಪಕ್ಕಕ್ಕೆ ಕೂರುತ್ತಾಳೆ, ತಾನೇ ರೆಕಾರ್ಡ್ ಒತ್ತುತ್ತಾಳೆ, ಕೆಂಪು ಚುಕ್ಕೆ ಹೊತ್ತಿಕೊಳ್ಳುತ್ತದೆ, ಮೂರು ಸೆಕೆಂಡು ಅಷ್ಟೇ ಕಣೋ, ಕಣ್ಮುಚ್ಕಂಡು ಹೊಡ್ದುಬಿಡು. ಮೂರು ಸೆಕೆಂಡು, ಹೌದು, ಹೊಡೆಯುವುದು ಬಹಳ ಹೊತ್ತು ಹಿಡಿಯುವುದಿಲ್ಲ, ಗನ್ನು ಮೇಜಿನ ಮೇಲಿದೆ, ಹೊಟ್ಟೆ ತೆರೆದ ಫೋನುಗಳ ನಡುವೆ, ಆಟವನ್ನು ತಿರುವಿನ ಹಿಂದಕ್ಕೆ ತಂದು ಗುಂಡಿ ಒತ್ತುತ್ತಾನೆ, ಟಕ್, ಟಕ್, ಚಕ್ರ ನಿಲ್ಲುತ್ತದೆ, ಕೊಂಬಿನ ತುದಿ, ಬಸ್ಸು ಈಗ ಊರು ದಾಟಿರಬೇಕು, ಕೊಂಬು, ಅಪ್ಪ ಇಳಿದು ಚಪ್ಪಲಿ ಬಿಟ್ಟು ರೊಪ್ಪದ ಕಡೆ ನಡೆಯುವ ಹೊತ್ತಿಗೆ ಸಾಯಂಕಾಲ, ಹಣೆ, ಓಬಳೇಶ ಗನ್ನು ಗನ್ನು ಅಂತ ಪ್ರೇಮಲತಾಳ ದನಿ, ಒಂದು, ದೂರದಲ್ಲಿ, ಎರಡು, ಅವಳ ಹೆಗಲಿನ ಬ್ಯಾಗು ಮೆಲ್ಲಗೆ ನೆಲಕ್ಕೆ ಇಳಿದ ಸದ್ದು, ಮೂರು, ಬಗ್ಗುತ್ತದೆ, ಪರದೆ ತುಂಬ ಬಿಳಿ, ಕೈ ಎತ್ತಿದವನು ತಾನಲ್ಲ, ಕೈ ತಾನೇ ಎದ್ದಿದೆ, ಬೆರಳು ಬಿಚ್ಚಿ, ಅಂಗೈ ಮುಂದೆ ಮಾಡಿ, ಬಾಯಿ ಮನೆಯ ಮಾತಿನಲ್ಲಿ ಏನೋ ಅನ್ನುತ್ತಿದೆ, ರಾ ನಾಯನಾ, ರಾ, ಗಾಜು ಬೆಚ್ಚಗಿದೆ, ಅಂಗೈ ಕೆಳಗೆ ಬಿಳಿ ಬೊಟ್ಟು, ಒರಟು ಅಂಚು, ಬಗ್ಗಿದ ಹಣೆ, ಅಂಗೈ, ಬಿಳಿ ಬೊಟ್ಟು